ವಿಮಾನ ಕೆಡವಿದ್ದು ಗಾಳಿಯಾ, ನನ್ನ ಮಗಳಾ?

ಪ್ರಶ್ನೆ: ಸರ್, ನನ್ನ ಮಗಳು ಪೈಲಟ್ ಲೈಸೆನ್ಸ್‌ಗಾಗಿ ಅಮೆರಿಕದ ಕೊಲರಾಡೊದಲ್ಲಿ ಕಲಿಯುತ್ತಿದ್ದಾಳೆ. ಹೋದ ತಿಂಗಳು ಸೆಸ್ನಾ 172 ತಗೊಂಡು ಒಬ್ಬಳೇ ಬೆಟ್ಟಗಳ ನಡುವಿನ ಒಂದು ಸಣ್ಣ ನಿಲ್ದಾಣಕ್ಕೆ ಹೋಗಿದ್ದಳು. ಆ ಜಾಗ ಸುಮಾರು 7,000 ಅಡಿ ಎತ್ತರದಲ್ಲಿದೆ. ಮಧ್ಯಾಹ್ನ ಎರಡೂವರೆ, 25 ಡಿಗ್ರಿ ಬಿಸಿಲು. ಗಾಳಿ 15 ನಾಟ್, ಒಮ್ಮೊಮ್ಮೆ ತಟ್ಟನೆ ನುಗ್ಗುವ ಗಸ್ಟ್ 28 ಅಂತ ರೇಡಿಯೊದಲ್ಲಿ ಬಂತಂತೆ. ರನ್‌ವೇಗೆ 40 ಡಿಗ್ರಿ ಓರೆ, ಎಡಗಡೆಯಿಂದ. ವಿಮಾನ ನೆಲ ಮುಟ್ಟಿ ಪುಟಿಯಿತು, ಮತ್ತೆ ಬಿತ್ತು, ಮುಂದಿನ ಚಕ್ರ ಮುರಿಯಿತು, ಪ್ರೊಪೆಲರ್ ಡೊಂಕಾಯಿತು, ತಿರುಗಿ ರೆಕ್ಕೆಯ ತುದಿ ನೆಲಕ್ಕೆ ಉಜ್ಜಿತು. ಭುಜದ ಮೇಲೆ ಬೆಲ್ಟಿನ ಬರೆ ಬಿಟ್ಟರೆ ಅವಳಿಗೇನೂ ಆಗಲಿಲ್ಲ. "ಅಮ್ಮಾ, ಗಾಳಿ ಎತ್ತಿ ಒಗೀತು" ಅಂತಾಳೆ. ಅವಳ ದೊಡ್ಡಪ್ಪ "ಇವಳಿಗೆ ಕೈ ಪಳಗಿಲ್ಲ, ಸಾಕು ವಾಪಸ್ ಕರೆಸಿ" ಅಂತಾರೆ. ಒಂದು ಟನ್ ತೂಕದ ವಿಮಾನವನ್ನು ಗಾಳಿ ಎತ್ತಿ ಒಗೆಯುತ್ತಾ? ತಪ್ಪು ಯಾರದ್ದು? ಪ್ರೊಪೆಲರ್ ಡೊಂಕಾದರೆ ಇಡೀ ಎಂಜಿನ್ ಬಿಚ್ಚಬೇಕು ಅಂತಾರಲ್ಲ, ನಿಜವಾ? ಅವಳು ಮತ್ತೆ ಹಾರಬೇಕಾ?
— ವಿಜಯನಗರದ ಒಬ್ಬ ತಾಯಿ, ಬೆಂಗಳೂರು

ಉತ್ತರ: ಹೌದು ಮೇಡಂ, ಗಾಳಿ ಎತ್ತಿ ಒಗೆಯುತ್ತದೆ. ನಿಮ್ಮ ಮಗಳು ಸುಳ್ಳು ಹೇಳುತ್ತಿಲ್ಲ. ಆದರೆ ಅವಳು ಹೇಳಿದ್ದು ನಡೆದದ್ದರಲ್ಲಿ ಅರ್ಧ ಮಾತ್ರ. ಅವಳ ದೊಡ್ಡಪ್ಪ ಹೇಳಿದ್ದು ಆ ಅರ್ಧವೂ ಅಲ್ಲ. ನೀವು ಬರೆದ ಅಂಕಿಗಳನ್ನು ಇಟ್ಟುಕೊಂಡು ಒಂದು ಹಾಳೆ ಮೇಲೆ ಲೆಕ್ಕ ಹಾಕಿದೆ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ. ನಾನು ಬಹಳ ವರ್ಷ ಹುಡುಗ ಹುಡುಗಿಯರಿಗೆ ಹಾರುವುದನ್ನು ಕಲಿಸಿದವನು. ಪುಟಿದ ಲ್ಯಾಂಡಿಂಗ್‌ಗಳನ್ನು ಪಕ್ಕದ ಸೀಟಿನಲ್ಲಿ ಕೂತು ತುಂಬ ನೋಡಿದ್ದೇನೆ.

ನೀವು ಚಿಕ್ಕವರಿದ್ದಾಗ ಆಷಾಢದಲ್ಲಿ ಗಾಳಿಪಟ ಬಿಟ್ಟಿದ್ದೀರಾ? ಗಾಳಿ ಜೋರಾದರೆ ಪಟ ಜಿಗಿಯುತ್ತದೆ. ಗಾಳಿ ನಿಂತರೆ ಕುಸಿಯುತ್ತದೆ. ಆಗ ದಾರ ಹಿಡಿದವರು ಹಿಂದಕ್ಕೆ ಓಡುತ್ತಾರೆ. ಓಡಿದಾಗ ಪಟಕ್ಕೆ ಎದುರುಗಾಳಿ ಸಿಗುತ್ತದೆ, ಮತ್ತೆ ಮೇಲೇಳುತ್ತದೆ. ವಿಮಾನದ ರೆಕ್ಕೆಗೂ ಇದೇ ಲೆಕ್ಕ. ನೆಲದ ಮೇಲೆ ಎಷ್ಟು ವೇಗದಲ್ಲಿ ಹೋಗುತ್ತಿದೆ ಅನ್ನುವುದು ಅದಕ್ಕೆ ಬೇಡ. ರೆಕ್ಕೆಯ ಮೇಲೆ ಎಷ್ಟು ವೇಗದ ಗಾಳಿ ಹರಿಯುತ್ತಿದೆ ಅನ್ನುವುದಷ್ಟೇ ಬೇಕು. ಹಿಂದಕ್ಕೆ ಓಡುವ ಬದಲು ಪೈಲಟ್ ಎಂಜಿನ್ ಜೋರು ಮಾಡುವ ಥ್ರಾಟಲ್ ಒತ್ತುತ್ತಾರೆ.

ಸೆಸ್ನಾ 172 ಇಳಿಯುವಾಗ ಸುಮಾರು 65 ನಾಟ್ ವೇಗ ಇಟ್ಟುಕೊಂಡಿರುತ್ತದೆ. ಅಂದರೆ ಗಂಟೆಗೆ 120 ಕಿಲೋಮೀಟರ್. ರೆಕ್ಕೆಯ ಹಿಂಬದಿಯಲ್ಲಿ ಕೆಳಕ್ಕೆ ಬಾಗುವ ಹಲಗೆ, ಅಂದರೆ ಫ್ಲ್ಯಾಪ್, ಪೂರ್ತಿ ಇಳಿಸಿದಾಗ 48 ನಾಟ್ ಆಸುಪಾಸಿನಲ್ಲಿ ರೆಕ್ಕೆ ಹೊರುವುದನ್ನು ಬಿಡುತ್ತದೆ. ಅದನ್ನೇ ಸ್ಟಾಲ್ ಅನ್ನುವುದು. ಈಗ ಅವತ್ತಿನ ಗಾಳಿ ನೋಡಿ. 15 ನಾಟ್ ಗಾಳಿ 40 ಡಿಗ್ರಿ ಓರೆಯಾಗಿ ಬಂದರೆ ಎದುರಿನಿಂದ ಸಿಗುವ ಪಾಲು 11-12 ನಾಟ್. ಗಸ್ಟ್ 28 ಆದಾಗ ಅದೇ ಪಾಲು 21-22. ಅಂದರೆ ಗಾಳಿ ಏರಿ ಇಳಿದಂತೆಲ್ಲ ಅವಳ ವೇಗದ ಮೀಟರಿನಲ್ಲಿ 10 ನಾಟ್ ಸುಮ್ನೆ ಬರುತ್ತಿತ್ತು, ಸುಮ್ನೆ ಹೋಗುತ್ತಿತ್ತು. ಅವಳು ಏನೂ ಮಾಡದೆ.

10 ನಾಟ್ ಕಮ್ಮಿ ಅನ್ನಿಸಬಹುದು. ಆದರೆ ರೆಕ್ಕೆಯ ಬಲ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 65 ಇದ್ದದ್ದು 75 ಆದರೆ ಎತ್ತುವ ಬಲ ಮೂರನೇ ಒಂದು ಭಾಗ ಜಾಸ್ತಿಯಾಗುತ್ತದೆ. 1,100 ಕಿಲೋ ವಿಮಾನಕ್ಕೆ ಅದು ಸುಮಾರು 350 ಕಿಲೋ. 50 ಕಿಲೋದ ಏಳು ಅಕ್ಕಿ ಮೂಟೆಗಳನ್ನು ಯಾರೋ ಒಂದೇ ಸಲಕ್ಕೆ ಕೆಳಗಿನಿಂದ ಎತ್ತಿದ ಹಾಗೆ. ಗಸ್ಟ್ ನಿಂತಾಗ ಅಷ್ಟನ್ನೂ ಒಟ್ಟಿಗೆ ಕೈಬಿಟ್ಟ ಹಾಗೆ. ನೆಲದಿಂದ ಸಾವಿರ ಅಡಿ ಮೇಲಿದ್ದರೆ ಇದು ಬರೀ ಕುಲುಕಾಟ. ನೆಲದಿಂದ ಆರು ಅಡಿ ಮೇಲೆ, ಮೂತಿ ಎತ್ತಿ, ವೇಗ 55ಕ್ಕೆ ಇಳಿದಿರುವಾಗ ಗಸ್ಟ್ ನಿಂತರೆ ಏನಾಗುತ್ತದೆ? ವೇಗ 45ಕ್ಕೆ ಇಳಿಯುತ್ತದೆ. 48ಕ್ಕಿಂತ ಕಮ್ಮಿ. ವಿಮಾನ ಕೂರುವುದಿಲ್ಲ, ಬೀಳುತ್ತದೆ.

ಹಾಗಾದರೆ ವೇಗ ಜಾಸ್ತಿ ಇಟ್ಟುಕೊಂಡರೆ ಆಯಿತಲ್ಲ ಅನ್ನುತ್ತೀರಿ. ಹೌದು, ಅದಕ್ಕೇ ಒಂದು ರೂಢಿ ಇದೆ. ಗಾಳಿಗೂ ಗಸ್ಟಿಗೂ ಇರುವ ವ್ಯತ್ಯಾಸದ ಅರ್ಧವನ್ನು ಇಳಿಯುವ ವೇಗಕ್ಕೆ ಸೇರಿಸಬೇಕು. ಇಲ್ಲಿ ವ್ಯತ್ಯಾಸ 13, ಅರ್ಧ ಅಂದರೆ 6-7. ಅವಳು 71 ಇಟ್ಟುಕೊಂಡು ಬರಬೇಕಿತ್ತು. ಬಹುಶಃ ಬಂದಿದ್ದಾಳೆ ಕೂಡ. ಆದರೆ ಸೇರಿಸಿದ ಆ ವೇಗ ಕೊನೆಯಲ್ಲಿ ಸಾಲದ ಹಾಗೆ ತಿರುಗಿ ಬರುತ್ತದೆ. ಚಕ್ರ ನೆಲ ಮುಟ್ಟಿದರೂ ರೆಕ್ಕೆ ಇನ್ನೂ ಹಾರುವ ಹುಮ್ಮಸ್ಸಿನಲ್ಲೇ ಇರುತ್ತದೆ. ಆಗ ಇನ್ನೊಂದು ಗಸ್ಟ್ ಬಂದರೆ ವಿಮಾನ ಮತ್ತೆ ಮೇಲೇಳುತ್ತದೆ. ಅವಳು ಹೇಳಿದ 'ಎತ್ತಿ ಒಗೀತು' ಇದೇ ಗಳಿಗೆ ಇರಬೇಕು.

ಇನ್ನು ಬೆಟ್ಟದ ವಿಷಯ. ಇದನ್ನು ತಿಳಿಯೋಕೆ ಕೊಲರಾಡೊಗೆ ಹೋಗಬೇಕಿಲ್ಲ. ಜೋರು ಗಾಳಿಯ ದಿನ ನಂದಿ ಬೆಟ್ಟಕ್ಕೆ ಹೋಗಿ. ಗಾಳಿಗೆ ಎದುರಾದ ಅಂಚಿನ ಕಂಬಿ ಹತ್ತಿರ ನಿಂತರೆ ಗಾಳಿ ಕೆಳಗಿನಿಂದ ಮೇಲಕ್ಕೆ ಬರುತ್ತದೆ, ಸೆರಗು ಮುಖಕ್ಕೇ ಏರುತ್ತದೆ. ಅಲ್ಲಿಂದ ದಾಟಿ ಗುಡ್ಡದ ಆ ಬದಿಯ ಇಳಿಜಾರಿಗೆ ಹೋಗಿ ನೋಡಿ. ಒಮ್ಮೆ ಏನೂ ಇಲ್ಲ, ಒಮ್ಮೆ ಬೆನ್ನಿಗೆ ಹೊಡೆಯುತ್ತದೆ, ಒಣಗಿದ ಎಲೆಗಳು ಒಂದೇ ಜಾಗದಲ್ಲಿ ಸುತ್ತುತ್ತಿರುತ್ತವೆ. ಹೊಳೆಯಲ್ಲಿ ಬಂಡೆ ದಾಟಿದ ನೀರು ಹಿಂದೆ ಧುಮುಕಿ ಸುಳಿಯಾಗುತ್ತದಲ್ಲ, ಹಾಗೆ. ಬೆಟ್ಟದ ಹಿಂದೆ ಏಳುವ ಈ ಗಾಳಿಸುಳಿಗೆ ಪೈಲಟ್‌ಗಳು ರೋಟರ್ ಅನ್ನುತ್ತಾರೆ. ನಂದಿ ಬೆಟ್ಟ ಸುತ್ತಲಿನ ಬಯಲಿಗಿಂತ ಸುಮಾರು 500-600 ಮೀಟರ್ ಎತ್ತರ ಅಷ್ಟೆ. ರಾಕಿ ಪರ್ವತಗಳಲ್ಲಿ ಇದೇ ಆಟ ಅದರ ಎಷ್ಟೋ ಪಟ್ಟು ದೊಡ್ಡದಾಗಿ ನಡೆಯುತ್ತದೆ.

ನೀರಿನ ಸುಳಿ ಕಣ್ಣಿಗೆ ಕಾಣುತ್ತದೆ. ಗಾಳಿಯ ಸುಳಿ ಕಾಣಲ್ಲ. ಅದನ್ನು ತೋರಿಸೋಕೆ ಪೈಲಟ್‌ಗೆ ಇರುವುದು ಬಟ್ಟೆಯ ಒಂದು ಚೀಲ, ವಿಂಡ್‌ಸಾಕ್. ಒಂದು ಸಲ ಉತ್ತರದ ಒಂದು ಬೆಟ್ಟದೂರಿನ ಏರ್‌ಸ್ಟ್ರಿಪ್‌ಗೆ ನಾನು ಇಳಿಯಲು ಹೋಗಿದ್ದೆ. ರನ್‌ವೇಯ ಎರಡು ತುದಿಗೂ ಒಂದೊಂದು ಚೀಲ. ಮೇಲಿನಿಂದ ಸುತ್ತು ಹಾಕುವಾಗ ನೋಡಿದೆ. ಈ ತುದಿಯ ಚೀಲದ ಬಾಲ ಪೂರ್ವಕ್ಕೆ. ಆ ತುದಿಯದ್ದು ಪಶ್ಚಿಮಕ್ಕೆ. ಎರಡೂ ಒಂದನ್ನೊಂದು ಬೊಟ್ಟು ಮಾಡಿ ತೋರಿಸುತ್ತಿದ್ದವು. ಅಷ್ಟುದ್ದದ ರನ್‌ವೇ ಒಳಗೇ ಎರಡು ಗಾಳಿ. ಒಂದು ತುದಿಯ ಚೀಲ ನೋಡಿ ಎದುರುಗಾಳಿ ಅಂತ ನಂಬಿ ಬಂದರೆ ಇನ್ನೊಂದು ತುದಿಯಲ್ಲಿ ಅದೇ ಬೆನ್ನಗಾಳಿ. ಹಿಂದಿನ ಸೀಟಿನಲ್ಲಿದ್ದ ಗೆಳೆಯನಿಗೆ ಆ ಊರಿನಲ್ಲಿ ಮುಖ್ಯವಾದ ಕೆಲಸ ಇತ್ತು. ನಾನು ಇಳಿಯಲಿಲ್ಲ. ಬಯಲಿನ ನಿಲ್ದಾಣಕ್ಕೆ ವಾಪಸ್ ಬಂದು ಅಲ್ಲಿಂದ ಜೀಪಿನಲ್ಲಿ ಹೋದೆವು, ಇಡೀ ರಾತ್ರಿ. ಅವನು ದಾರಿಯುದ್ದಕ್ಕೂ ನನ್ನ ಹತ್ತಿರ ಮಾತಾಡಲಿಲ್ಲ. ಆ ಚೀಲಗಳು ಮಾತ್ರ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿವೆ.

ಮಗಳನ್ನು ಕೇಳಿ: "ವಿಂಡ್‌ಸಾಕ್ ನೋಡಿದೆಯಾ? ಹೇಗಿತ್ತು?" ಗದರಿಸುವ ದನಿಯಲ್ಲಿ ಬೇಡ, ತಿಳಿದುಕೊಳ್ಳುವ ಆಸೆಯಿಂದ ಕೇಳಿ. ಅವಳ ಉತ್ತರದಲ್ಲಿ ತುಂಬ ಸಂಗತಿ ಸಿಗುತ್ತದೆ.

ಹೊತ್ತೂ ಮುಖ್ಯ. ಬೆಟ್ಟದ ಊರುಗಳಲ್ಲಿ ಬೆಳಗ್ಗೆ ಗಾಳಿ ಮಲಗಿರುತ್ತದೆ. ಬಿಸಿಲೇರಿದಂತೆ ಇಳಿಜಾರು ಕಾದು ಕಣಿವೆಯ ಗಾಳಿ ಮೇಲಕ್ಕೆ ಹರಿಯುತ್ತದೆ. ಮೇಲಿನ ಜೋರು ಗಾಳಿಯೂ ಕೆಳಗಿಳಿದು ಬೆರೆಯುತ್ತದೆ. ಮಧ್ಯಾಹ್ನ ಎರಡು, ಮೂರು ಗಂಟೆ ಅಂದರೆ ಅತಿ ಕೆಟ್ಟ ಹೊತ್ತು. ನಮ್ಮ ಲೇಹ್ ನಿಲ್ದಾಣ 10,600 ಅಡಿಗೂ ಮೇಲಿದೆ. ಅಲ್ಲಿಗೆ ವಿಮಾನಗಳು ಹೆಚ್ಚಾಗಿ ಬೆಳಗ್ಗೆಯೇ ಹೋಗಿ ಬಂದುಬಿಡುವುದಕ್ಕೆ ಮಧ್ಯಾಹ್ನದ ಗಾಳಿಯೂ ಒಂದು ದೊಡ್ಡ ಕಾರಣ. ನೇಪಾಳದ ಲುಕ್ಲಾದಲ್ಲೂ ಹಾಗೆಯೇ. ಅಲ್ಲಿನ ರನ್‌ವೇ 527 ಮೀಟರ್. ಒಂದು ತುದಿಯಲ್ಲಿ ಬೆಟ್ಟದ ಗೋಡೆ, ಇನ್ನೊಂದು ತುದಿಯಲ್ಲಿ ಕಣಿವೆ. ಕೊನೆ ಗಳಿಗೆಯಲ್ಲಿ ಮನಸ್ಸು ಬದಲಿಸಿ ಮೇಲೇಳೋಣ ಅಂದರೆ ಮುಂದೆ ಬೆಟ್ಟವೇ ಇದೆ. ಆದ್ದರಿಂದ ಗಾಳಿ ಏಳುವ ಮುಂಚೆಯೇ ಕೆಲಸ ಮುಗಿಸಲು ನೋಡುತ್ತಾರೆ.

ಇದರ ಜೊತೆಗೆ ಎತ್ತರದ ತೆಳು ಗಾಳಿ. ಬೆಂಗಳೂರಿನ ನಮ್ಮ ಜಕ್ಕೂರು ವಿಮಾನ ನಿಲ್ದಾಣವೇ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಏಪ್ರಿಲ್ ಮಧ್ಯಾಹ್ನ 33 ಡಿಗ್ರಿ ಇದ್ದರೆ ಅಲ್ಲಿನ ಗಾಳಿ ರೆಕ್ಕೆಗೆ 5,800 ಅಡಿ ಮೇಲಿನ ಗಾಳಿಯಷ್ಟೇ ತೆಳುವಾಗಿ ಸಿಗುತ್ತದೆ. ನಿಮ್ಮ ಮಗಳು ಇಳಿದ ಜಾಗ 7,000 ಅಡಿ, 25 ಡಿಗ್ರಿ. ಅಂದರೆ ಸುಮಾರು 9,900 ಅಡಿಯ ಗಾಳಿ. ಮೀಟರ್ 65 ತೋರಿಸಿದರೂ ಗಾಳಿಯಲ್ಲಿ ಅವಳ ನಿಜವಾದ ವೇಗ 75 ನಾಟ್. ಎಂಜಿನ್‌ಗೂ ಉಸಿರು ಕಮ್ಮಿ. ಥ್ರಾಟಲ್ ಪೂರ್ತಿ ಒತ್ತಿದರೂ ಜಕ್ಕೂರಿನಲ್ಲಿ ಏರಿದ ಹಾಗೆ ಏರಲ್ಲ. ಗಾಳಿಪಟದ ಹುಡುಗ ಹಿಂದಕ್ಕೆ ಓಡಬೇಕು, ಆದರೆ ಕಾಲು ಕೆಸರಿನಲ್ಲಿದೆ ಅಂದುಕೊಳ್ಳಿ.

ಈಗ ನನಗೆ ನಿಜವಾಗಿ ಮುಖ್ಯ ಅನ್ನಿಸುವ ಮಾತಿಗೆ ಬರುತ್ತೇನೆ. ವಿಮಾನ ಮೊದಲ ಸಲ ಪುಟಿದಾಗ ಅವಳು ಏನು ಮಾಡಿದಳು?

ಹೊಸಬರು ಸಾಮಾನ್ಯವಾಗಿ ಮಾಡುವುದು ಒಂದೇ. ಮೂತಿ ಮೇಲೆದ್ದಿದೆ, ಎದುರಿಗೆ ಬರೀ ಆಕಾಶ ಕಾಣುತ್ತಿದೆ. ಗಾಬರಿಯಲ್ಲಿ ಕೈ ತಾನಾಗಿ ಮೂತಿಯನ್ನು ಕೆಳಕ್ಕೆ ತಳ್ಳುತ್ತದೆ. ಆಗ ಹಿಂದಿನ ಗಟ್ಟಿ ಚಕ್ರಗಳ ಬದಲು ಮುಂದಿನ ಸಣ್ಣ ಚಕ್ರ ಮೊದಲು ನೆಲಕ್ಕೆ ಬಡಿಯುತ್ತದೆ. ಬಡಿದ ಏಟಿಗೆ ಮೂತಿ ಇನ್ನೂ ಜೋರಾಗಿ ಮೇಲೇಳುತ್ತದೆ. ಮತ್ತೆ ತಳ್ಳುತ್ತಾರೆ. ಎರಡನೆಯದೋ ಮೂರನೆಯದೋ ಏಟಿಗೆ ಆ ಕಾಲು ಮುರಿಯುತ್ತದೆ. ನೀವು ಬರೆದದ್ದು ಇದೇ ಸಾಲು: ಪುಟಿಯಿತು, ಬಿತ್ತು, ಮುಂದಿನ ಚಕ್ರ ಹೋಯಿತು. ಮೊದಲ ಪುಟಿತ ಗಾಳಿಯದ್ದು. ಎರಡನೇ ಏಟು ಹೆಚ್ಚಾಗಿ ಕೈಯದ್ದು.

ಆ ಗಳಿಗೆಯಲ್ಲಿ ಮಾಡಬೇಕಾದ್ದು ಗೋ-ಅರೌಂಡ್. ಥ್ರಾಟಲ್ ಪೂರ್ತಿ ಒತ್ತಿ, ಮೂತಿ ಸಮ ಮಾಡಿ, ವೇಗ ಕಟ್ಟಿಕೊಂಡು, ಫ್ಲ್ಯಾಪ್ ಮೆಲ್ಲಗೆ ಒಳಗೆಳೆದು ಮತ್ತೆ ಮೇಲೇರುವುದು. ಹೇಳುವುದು ಸುಲಭ. ಮಾಡುವುದು ಯಾಕೆ ಕಷ್ಟ ಅಂದರೆ, ಇಳಿಯಲು ಹೊರಟವರ ಮನಸ್ಸು ಆಗಲೇ ಇಳಿದಾಗಿರುತ್ತದೆ. ವಿಮಾನ ಮಾತ್ರ ಇನ್ನೂ ಗಾಳಿಯಲ್ಲಿರುತ್ತದೆ. ನೂರು ಸಲ ಇಳಿದವಳಿಗೆ ನೂರೊಂದನೇ ಸಲ ಬಿಡುವುದು ಕೈಗೆ ಬರುವುದಿಲ್ಲ, ಯಾಕಂದರೆ ಅದನ್ನು ಅಭ್ಯಾಸ ಮಾಡಿಸಿದ್ದು ಕಮ್ಮಿ. ಇದು ಹೊಸಬರ ಕಥೆ ಮಾತ್ರ ಅಲ್ಲ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನ ಸತ್ತ ಅಪಘಾತ ನಿಮಗೆ ನೆನಪಿರುತ್ತದೆ. ಅಲ್ಲಿ ಗಾಳಿಯ ವಿಷಯವೇ ಇರಲಿಲ್ಲ. ಆದರೆ ಇಳಿಯುವ ಹಾದಿ ಸರಿಯಿಲ್ಲ, ಗೋ-ಅರೌಂಡ್ ಮಾಡೋಣ ಅಂತ ಸಹಪೈಲಟ್ ಒಂದಕ್ಕಿಂತ ಹೆಚ್ಚು ಸಲ ಹೇಳಿದ್ದರು. ಸಾವಿರಾರು ಗಂಟೆ ಹಾರಿದ ಕ್ಯಾಪ್ಟನ್ ಇಳಿಸಿಯೇ ಬಿಟ್ಟರು. ಆ ದಿನ ಬೆಳಗ್ಗೆ ಸುದ್ದಿ ಕೇಳಿದಾಗಿನಿಂದ ಪ್ರತಿ ವಿದ್ಯಾರ್ಥಿಗೂ ನಾನು ಇಳಿಯುವುದಕ್ಕಿಂತ ಮೊದಲು ಇಳಿಯದೆ ಮೇಲೇಳುವುದನ್ನು ಕಲಿಸಿದ್ದೇನೆ.

ಕೊಲರಾಡೊದ್ದೇ ಒಂದು ಉದಾಹರಣೆ ಹೇಳುತ್ತೇನೆ, ಅವಳಿಗೂ ಓದಿಸಿ. 2008ರ ಡಿಸೆಂಬರ್ 20ರಂದು ಡೆನ್ವರ್‌ನಲ್ಲಿ ಕಾಂಟಿನೆಂಟಲ್ ಏರ್‌ಲೈನ್ಸ್‌ನ 1404ನೇ ವಿಮಾನ, ಬೋಯಿಂಗ್ 737, ಟೇಕಾಫ್ ಓಟದಲ್ಲಿತ್ತು. ಟವರ್ ಹೇಳಿದ ಗಾಳಿ 27 ನಾಟ್. ಪರ್ವತದ ಕಡೆಯಿಂದ ಇಳಿದ ಅಲೆಗಾಳಿಯ ಗಸ್ಟ್ ನಿಜವಾಗಿ ಹೊಡೆದದ್ದು 45 ನಾಟ್ ವೇಗದಲ್ಲಿ, ಅಡ್ಡಡ್ಡಲಾಗಿ. ವಿಮಾನ ರನ್‌ವೇ ಬಿಟ್ಟು ಹಳ್ಳಕ್ಕೆ ನುಗ್ಗಿ ಬೆಂಕಿ ಹತ್ತಿತು. ಒಳಗಿದ್ದ 115 ಜನರೂ ಬದುಕಿದರು. ತನಿಖೆಯಲ್ಲಿ ಗೊತ್ತಾದದ್ದು ಏನೆಂದರೆ, ವಿಮಾನ ರನ್‌ವೇ ಬಿಡುವುದಕ್ಕೆ ಸುಮಾರು ನಾಲ್ಕು ಸೆಕೆಂಡ್ ಮೊದಲು ಕ್ಯಾಪ್ಟನ್ ದಿಕ್ಕು ನೇರ ಹಿಡಿಯುವ ರಡ್ಡರ್ ಒತ್ತುವುದನ್ನು ಬಿಟ್ಟಿದ್ದರು. ಅಷ್ಟರಲ್ಲೇ ತನಿಖೆಯವರು ಕೈ ತೊಳೆದುಕೊಳ್ಳಲಿಲ್ಲ. ಆ ಗಾಳಿ ಅವರ ತರಬೇತಿ ಮತ್ತು ಅನುಭವವನ್ನು ಮೀರಿತ್ತು, ಸಿಮ್ಯುಲೇಟರ್‌ಗಳಲ್ಲಿ ಗಸ್ಟ್ ಸರಿಯಾಗಿ ಕಲಿಸುತ್ತಿರಲಿಲ್ಲ, ಗಾಳಿಯ ಪೂರ್ತಿ ಮಾಹಿತಿಯೂ ಅವರಿಗೆ ಸಿಕ್ಕಿರಲಿಲ್ಲ ಅಂತಲೂ ಬರೆದರು. 737 ಓಡಿಸುವ ಕ್ಯಾಪ್ಟನ್‌ಗೇ ಹಾಗಾದರೆ ನಿಮ್ಮ ಮಗಳ ಮೇಲೆ 'ಕೈ ಪಳಗಿಲ್ಲ' ಅಂತ ಒಂದೇ ಮಾತಿನಲ್ಲಿ ಹೊರಿಸುವುದು ನ್ಯಾಯ ಅಲ್ಲ, ಅಲ್ವಾ?

ಆದರೂ ಒಂದು ತಪ್ಪು ಇದೆ. ಅದು ರನ್‌ವೇ ಮೇಲೆ ಆದದ್ದಲ್ಲ. ಅವತ್ತಿನ ಓರೆಗಾಳಿಯ ಅಡ್ಡ ಪಾಲು ಲೆಕ್ಕ ಹಾಕಿದೆ. 15 ನಾಟ್‌ಗೆ ಸುಮಾರು 10. ಗಸ್ಟ್ 28ಕ್ಕೆ 18. ಸೆಸ್ನಾ 172ರ ಕೈಪಿಡಿಯಲ್ಲಿ ಪರೀಕ್ಷಾ ಪೈಲಟ್ ಇಳಿಸಿ ತೋರಿಸಿದ ಅಡ್ಡಗಾಳಿ 15 ನಾಟ್. ಅದನ್ನು ಕಾನೂನಿನ ಮಿತಿ ಅಂತ ಬರೆದಿಲ್ಲ, ನಿಜ. ಆದರೆ ಪಳಗಿದ ಪರೀಕ್ಷಾ ಪೈಲಟ್ ಮಾಡಿ ತೋರಿಸಿದ್ದಕ್ಕಿಂತ ಜಾಸ್ತಿ ಗಾಳಿಯಲ್ಲಿ ಕಲಿಯುತ್ತಿರುವ ಹುಡುಗಿ, ಬೆಟ್ಟದ ನಡುವೆ, ಒಬ್ಬಳೇ ಇಳಿಯಬಾರದು. 10 ನೋಡಿ 'ಆಗುತ್ತೆ' ಅಂದುಕೊಂಡಿರಬೇಕು. ನೋಡಬೇಕಿದ್ದದ್ದು 18. ಆ ತೀರ್ಮಾನದಲ್ಲಿ ಅವಳ ಪಾಲು ಇದೆ, ಮಧ್ಯಾಹ್ನ ಆ ಜಾಗಕ್ಕೆ ಒಬ್ಬಳನ್ನೇ ಕಳಿಸಿದ ಶಿಕ್ಷಕರ ಪಾಲೂ ಇದೆ. ನಾನಾಗಿದ್ದರೆ ಕಳಿಸುತ್ತಿರಲಿಲ್ಲ. ಬೆಟ್ಟದ ನೆತ್ತಿಯ ಮಟ್ಟದಲ್ಲಿ ಗಾಳಿ 25 ನಾಟ್ ದಾಟಿದರೆ ಸಣ್ಣ ವಿಮಾನ ಆ ಕಡೆ ಹೋಗಬಾರದು ಅಂತ ಪರ್ವತ ಹಾರಾಟ ಕಲಿಸುವವರು ಹೇಳುತ್ತಲೇ ಇರುತ್ತಾರೆ. ಆ ಮುನ್ಸೂಚನೆ ಹೊರಡುವ ಮುಂಚೆಯೇ ಸಿಗುತ್ತದೆ. ಅವತ್ತು ಯಾರು ಅದನ್ನು ನೋಡಿದರು ಅಂತ ಕೇಳುವ ಹಕ್ಕು ನಿಮಗಿದೆ, ಕೇಳಿ.

ಎಂಜಿನ್ ಬಿಚ್ಚುವ ವಿಷಯದಲ್ಲಿ ಅವರು ನಿಮಗೆ ಮೋಸ ಮಾಡುತ್ತಿಲ್ಲ. ಪ್ರೊಪೆಲರ್ ನೇರವಾಗಿ ಎಂಜಿನ್‌ನ ಕ್ರ್ಯಾಂಕ್‌ಶಾಫ್ಟ್‌ಗೆ ಕೂತಿರುತ್ತದೆ. ಜೋರಾಗಿ ತಿರುಗುತ್ತಿದ್ದದ್ದು ನೆಲಕ್ಕೆ ಬಡಿದು ತಟ್ಟನೆ ನಿಂತರೆ ಆ ಏಟು ಪೂರ್ತಿ ಒಳಗೆ ಹೋಗುತ್ತದೆ. ಹೊರಗೆ ಏನೂ ಕಾಣದೆ ಒಳಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿರಬಹುದು. ಈ ವಿಮಾನಗಳ ಎಂಜಿನ್ ಮಾಡುವ ಲೈಕಮಿಂಗ್ ಕಂಪನಿಯೇ ಪ್ರೊಪೆಲರ್ ಬಡಿದರೆ ಒಳಗೆ ಪರೀಕ್ಷೆ ಮಾಡಬೇಕು ಅನ್ನುತ್ತದೆ. ಬಿಲ್ ದೊಡ್ಡದಾಗುತ್ತದೆ. ಬಾಡಿಗೆಗೆ ವಿಮಾನ ತಗೊಂಡು ಹಾರಿಸುವವರಿಗೆ ಬೇರೆ ಇನ್ಶುರೆನ್ಸ್ ಇರುತ್ತದೆ. ಅವಳು ಮಾಡಿಸಿದ್ದಾಳಾ ಅಂತ ಇವತ್ತೇ ಕೇಳಿ. ಅಲ್ಲಿನ ವಿಮಾನಯಾನ ಇಲಾಖೆ ಅವಳನ್ನು ಕರೆದು ಒಂದು ಸಲ ಪರೀಕ್ಷಕರ ಜೊತೆ ಹಾರಿ ತೋರಿಸು ಅನ್ನಬಹುದು. ಹೆದರಬೇಡಿ, ಅದು ಶಿಕ್ಷೆ ಅಲ್ಲ.

ಮತ್ತೆ ಹಾರಬೇಕಾ ಅಂದರೆ, ಹೌದು, ಹಾರಬೇಕು. ಆದರೆ ಮೊದಲ ಕೆಲವು ಗಂಟೆ ಒಬ್ಬಳೇ ಬೇಡ. ಪರ್ವತ ಹಾರಾಟ ಕಲಿಸಿ ಅನುಭವ ಇರುವ ಶಿಕ್ಷಕರ ಜೊತೆ, ಬೇಕಂತಲೇ ಗಾಳಿ ಇರುವ ದಿನ ನೋಡಿ, ಬಯಲಿನ ಉದ್ದ ರನ್‌ವೇ ಮೇಲೆ. ಇಳಿಯಲು ಬಂದು ಇಳಿಯದೆ ಮೇಲೇಳುವುದನ್ನು ಹತ್ತಿಪ್ಪತ್ತು ಸಲ ಮಾಡಲಿ. ಚಕ್ರ ಮುಟ್ಟಿದ ಮೇಲೂ, ಪುಟಿದ ಮೇಲೂ ಮಾಡಲಿ. ಥ್ರಾಟಲ್ ಒತ್ತುವುದು ಯೋಚನೆಯಿಂದಲ್ಲ, ಕೈಯಿಂದ ಬರಬೇಕು. ಶಾಂತ ಬೆಳಗಿನಲ್ಲಿ ಮಾತ್ರ ಹಾರಿಸಿ ಧೈರ್ಯ ತುಂಬುತ್ತೇವೆ ಅಂತ ಶಾಲೆಯವರು ಹೇಳಿದರೆ ಒಪ್ಪಬೇಡಿ. ಅವಳ ಭಯ ಇರುವುದು ಗಾಳಿಯಲ್ಲಿ. ಅದು ಕಳೆಯಬೇಕಾದ್ದೂ ಅಲ್ಲೇ.

ಇನ್ನೊಂದು. ಅವಳು ನಡೆದದ್ದನ್ನು ನಿಮಗೆ ಪೂರ್ತಿ ಹೇಳಿಲ್ಲದಿದ್ದರೆ ಒತ್ತಾಯ ಮಾಡಬೇಡಿ. ಹಾಗಂತ 'ಗಾಳಿ ಕೆಡವಿತು ಬಿಡು ಮಗಳೇ' ಅಂತ ಮುಚ್ಚಿಹಾಕಲೂ ಬೇಡಿ. ಅವಳೇ ಒಂದು ಪುಸ್ತಕದಲ್ಲಿ ಬರೆಯಲಿ. ಹೊರಟದ್ದು ಎಷ್ಟು ಗಂಟೆಗೆ, ವಿಂಡ್‌ಸಾಕ್ ಹೇಗಿತ್ತು, ಮೀಟರ್ ಎಷ್ಟಿತ್ತು, ಪುಟಿದಾಗ ಬಲಗೈ ಎಲ್ಲಿತ್ತು. ಸೆಸ್ನಾದಲ್ಲಿ ಥ್ರಾಟಲ್ ಇರುವುದು ಬಲಗೈಗೆ. ಆ ಕೊನೇ ಪ್ರಶ್ನೆಗೆ ಅವಳು ನಿಜವಾದ ಉತ್ತರ ಬರೆದ ದಿನ ಅವಳ ಪಾಠ ಶುರುವಾಗಿದೆ ಅಂತ ತಿಳಿಯಿರಿ.

ಅವಳು ರಜೆಗೆ ಬರುವುದು ಆಷಾಢದಲ್ಲಾದರೆ ಒಂದು ಸಂಜೆ ಜಕ್ಕೂರಿನ ಕಡೆ ಕರೆದುಕೊಂಡು ಹೋಗಿ. ನಮ್ಮಲ್ಲಿ ಗಾಳಿ ಹೆಚ್ಚಾಗಿ ಪೂರ್ವ ಪಶ್ಚಿಮವಾಗಿ ಬೀಸುವುದರಿಂದ ರನ್‌ವೇಗಳೂ ಹಾಗೆಯೇ ಮಲಗಿವೆ. ಜಕ್ಕೂರಿನದ್ದೂ, ದೇವನಹಳ್ಳಿಯದ್ದೂ. ಆ ತಿಂಗಳಲ್ಲಿ ಗಾಳಿ ಒಮ್ಮೊಮ್ಮೆ ನೈಋತ್ಯಕ್ಕೆ ವಾಲುತ್ತದೆ. ಪಶ್ಚಿಮಕ್ಕೆ ಮುಖ ಮಾಡಿ ಇಳಿಯುವ ವಿಮಾನಕ್ಕೆ ಅದು ಎಡಗಡೆಯಿಂದ ಬರುತ್ತದೆ. ಬೇಲಿಯಾಚೆ ನಿಂತು ಯಾವುದಾದರೂ ಸಣ್ಣ ವಿಮಾನ ಇಳಿಯುವುದನ್ನು ನೋಡಿ. ಎಡ ರೆಕ್ಕೆ ಸ್ವಲ್ಪ ಕೆಳಗೆ ವಾಲಿರುತ್ತದೆ. ಮೊದಲು ಎಡ ಚಕ್ರ ಒಂದೇ ನೆಲ ಮುಟ್ಟುತ್ತದೆ. ಒಂದು ಕ್ಷಣ ವಿಮಾನ ಆ ಒಂದೇ ಚಕ್ರದ ಮೇಲೆ ಓಡುತ್ತದೆ. ಆಮೇಲೆ ಬಲ ಚಕ್ರ, ಕೊನೆಗೆ ಮುಂದಿನದ್ದು. ಅದನ್ನು ನೋಡುವಾಗ ಮಗಳ ಕೈಗಳನ್ನು ಗಮನಿಸಿ. ಅವಳಿಗೆ ಗೊತ್ತಿಲ್ಲದೆಯೇ ಎಡಗೈ ಎಡಕ್ಕೆ ತಿರುಗುತ್ತಿದ್ದರೆ, ಬಲಗೈ ಮುಂದಕ್ಕೆ ಹೋಗಲು ತಯಾರಾಗಿ ನಿಂತಿದ್ದರೆ, ನನಗೆ ಇನ್ನೊಂದು ಸಾಲು ಬರೆಯಿರಿ.